ಜಿನ್ನವ್ವನ ಮಾದಲ ಸಿಪ್ಪೆ

ಗೋಕಾಕದ ಜೈನರ ಓಣಿಯಲ್ಲಿ, ಬಸದಿಯ ಬೆನ್ನಿಗೇ, ಪಾಯಪ್ಪನ ಕಿರಾಣಿ ಅಂಗಡಿ. ಅಂಗಡಿಯ ಹಿಂದೆ ಮನೆ. ಅಂಗಡಿಗೆ ಬಂದವರಲ್ಲಿ ಅರ್ಧ ಜನ ಕೇಳುತ್ತಿದ್ದದ್ದು ಪಾಯಪ್ಪನ ಬೇಳೆಯನ್ನಲ್ಲ, ಒಳಗಿದ್ದ ಅವನ ಹೆಂಡತಿ ಜಿನ್ನವ್ವನ ಕೈಯ ಸಿಪ್ಪೆಯನ್ನು. ಪಾಯಪ್ಪನಿಗೆ ಇದು ಹೆಮ್ಮೆಯ ಮಾತು, ಸಣ್ಣಗೆ ಹೊಟ್ಟೆ ಉರಿಯುವ ಮಾತೂ ಹೌದು. ಇಷ್ಟು ವರ್ಷ ತಕ್ಕಡಿ ಹಿಡಿದು ಕೂತವನ ಹೆಸರು ಬಿಟ್ಟು ಜನ ‘ಸಿಪ್ಪಿ ಜಿನ್ನವ್ವನ ಅಂಗಡಿ’ ಅಂದರೆ ಯಾವ ಗಂಡಸಿಗೆ ತಾನೇ ಹಿತವಾಗುತ್ತದೆ?

ಸಿಪ್ಪೆ ಅಂದರೆ ಮಾದಲ ಹಣ್ಣಿನದು. ಮಾದಲ ನಿಂಬೆಯ ಕುಲದ್ದೇ, ಆದರೆ ಗಾತ್ರದಲ್ಲಿ ತೆಂಗಿನಕಾಯಿಗೆ ಸಮ. ಮೈತುಂಬ ಗಂಟುಗಂಟು, ಒಳಗೆ ನಾಲ್ಕು ಹನಿ ಹುಳಿ ರಸ, ಉಳಿದದ್ದೆಲ್ಲ ಬೆರಳು ದಪ್ಪದ ಬಿಳಿ ಸಿಪ್ಪೆ. ಲೋಕದಲ್ಲಿ ಎಲ್ಲರೂ ಹಣ್ಣು ತಿಂದು ಸಿಪ್ಪೆ ಒಗೆಯುತ್ತಾರೆ. ಮಾದಲದಲ್ಲಿ ಹಣ್ಣು ಒಗೆದು ಸಿಪ್ಪೆ ಇಟ್ಟುಕೊಳ್ಳಬೇಕು. ತುಕ್ಕಾನಟ್ಟಿಯ ಬಾವಿ ತೋಟದಿಂದ ಶೆಟ್ಟೆವ್ವ ಎಂಬ ಒಕ್ಕಲುತನದ ಹೆಣ್ಣುಮಗಳು ಸಂತೆಯ ಚಕ್ಕಡಿಯಲ್ಲಿ ಬುಟ್ಟಿ ತುಂಬ ಹಣ್ಣು ತಂದು ಇಳಿಸುವಳು. ಬುಟ್ಟಿ ಒಳಗೆ ಬಂದರೆ ಸಾಕು, ಅಂಗಡಿಯ ಖಾರದ ಘಾಟು, ಎಣ್ಣೆಯ ವಾಸನೆ ಎಲ್ಲ ಮೂಲೆ ಸೇರಿ ಮನೆಯ ತುಂಬ ಮಾದಲದ್ದೇ ಕಾರುಬಾರು.

ಕೆಲಸ ನೋಡುವವರಿಗೆ ಸುಲಭ. ಮೇಲಿನ ಹಳದಿ ಪೊರೆಯನ್ನು ತೆಳ್ಳಗೆ ಹೆರೆದು, ಸಿಪ್ಪೆಯನ್ನು ಬೆರಳುದ್ದಕ್ಕೆ ಸೀಳಿ, ನೀರಿಗೆ ಹಾಕಿ ಕುದಿಸಿ, ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಮತ್ತೆ ಕುದಿಸಿ ಚೆಲ್ಲಿ, ಕಹಿ ಬಿಟ್ಟಿತು ಅನ್ನಿಸಿದ ಮೇಲೆ ಸಕ್ಕರೆ ಪಾಕದಲ್ಲಿ ಸಣ್ಣ ಉರಿಯ ಮೇಲೆ ಬೇಯಿಸುವುದು. ಸಿಪ್ಪೆ ಪಾಕ ಕುಡಿದು ಗಾಜಿನ ಹಾಗೆ ಆದಾಗ ತೆಗೆದು ಬಿಸಿಲಿಗೆ ಹರವುವುದು. ಅಷ್ಟೇ. ಆದರೆ ‘ಕಹಿ ಬಿಟ್ಟಿತು’ ಅನ್ನುವಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. ಒಂದು ಹಣ್ಣಿನ ಹಾಗೆ ಇನ್ನೊಂದಿಲ್ಲ. ಒಂದು ನೀರು ಕಡಿಮೆಯಾದರೆ ಸಕ್ಕರೆಯ ಹಿಂದಿನಿಂದ ಕಹಿ ಬಂದು ಗಂಟಲು ಹಿಡಿಯುತ್ತದೆ. ಒಂದು ಹೆಚ್ಚಾದರೆ ಸಿಪ್ಪೆ ಮುದ್ದೆಯಾಗಿ ಪರಿಮಳವೆಲ್ಲ ನೀರಿನ ಜೊತೆ ಬಚ್ಚಲು ಸೇರುತ್ತದೆ.

ಬೇರೆಯವರು ಸಿಪ್ಪೆಯನ್ನು ಉಪ್ಪು ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಅರ್ಧ ಕಹಿಯನ್ನು ಅಲ್ಲೇ ಕಳೆಯುತ್ತಾರೆ. ಈ ಮನೆಯಲ್ಲಿ ಅದು ನಡೆಯುತ್ತಿರಲಿಲ್ಲ. ಯಾಕೆಂದರೆ ಇದು ಇಂದ್ರವ್ವನ ಮನೆ. ಪಾಯಪ್ಪನ ತಾಯಿ ಇಂದ್ರವ್ವ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸದೆ ಕೊಡಕ್ಕೆ ಇಳಿಸಗೊಡದವಳು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರ ಬಾಯಿಗೂ ತುತ್ತಿಲ್ಲ. ನೆಲದೊಳಗೆ ಬೆಳೆದ ಗಡ್ಡೆ ಹೊಸ್ತಿಲು ದಾಟಿ ಬಂದದ್ದಿಲ್ಲ. ರಾತ್ರಿ ನೀರಲ್ಲಿ ಕೂತ ಪದಾರ್ಥದಲ್ಲಿ ಜೀವ ಹುಟ್ಟುತ್ತವೆ ಎಂದು ಅವಳು ಒಮ್ಮೆ ಹೇಳಿದ ಮೇಲೆ ಮುಗಿಯಿತು, ಹೆರೆಯುವುದರಿಂದ ಪಾಕದವರೆಗೆ ಎಲ್ಲವೂ ಒಂದೇ ಹಗಲಿನಲ್ಲಿ ಮುಗಿಯಬೇಕು. ಕಹಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ನಾಲಿಗೆಯೊಂದೇ ಹೇಳಬೇಕು.

ಆ ನಾಲಿಗೆ ಜಿನ್ನವ್ವನಿಗಿತ್ತು. ಹುಕ್ಕೇರಿಯಲ್ಲಿ ಹುಟ್ಟಿ, ದೊಡ್ಡ ಪ್ಲೇಗು ಇಳಿದ ಮರುವರ್ಷ ಗೋಕಾಕಕ್ಕೆ ಸೊಸೆಯಾಗಿ ಬಂದವಳು. ಬಂದ ಹೊಸದರಲ್ಲಿ ಅತ್ತೆ ಕುದಿಯುವ ಪಾತ್ರೆಯಿಂದ ಒಂದು ತುಂಡು ತೆಗೆದು ಅವಳ ಅಂಗೈಗೆ ಹಾಕಿ, “ಹೇಳು, ಇನ್ನೆಷ್ಟು ನೀರು?” ಎಂದಿದ್ದಳು. ಹುಡುಗಿ ತುಂಡನ್ನು ಬಾಯಲ್ಲಿ ಆಡಿಸಿ, “ಇನ್ನೊಂದು ಸಾಕ್ರಿ, ಅತ್ತಿ. ಅದೂ ಪೂರಾ ಕುದಿಸೂದು ಬ್ಯಾಡ” ಎಂದಳು. ಹಾಗೆಯೇ ಮಾಡಿದರು. ಸಿಪ್ಪೆ ಒಣಗಿದ ಮೇಲೆ ಇಂದ್ರವ್ವ ತಿಂದು ನೋಡಿ ಏನೂ ಹೇಳಲಿಲ್ಲ, ಮುಂದಿನ ಸಲ ಬುಟ್ಟಿ ಬಂದಾಗ ಹೆರೆಮಣೆ ಸೊಸೆಯ ಕಡೆ ಸರಿಸಿ ತಾನು ಜಪಮಣಿ ಹಿಡಿದು ಕೂತಳು. ಹೊಗಳುವುದು ಇಂದ್ರವ್ವನ ರೂಢಿಯಲ್ಲ. ಜರಿಯದೆ ಸುಮ್ಮನಿದ್ದಳು ಅಂದರೆ ಅದೇ ದೊಡ್ಡ ಸರ್ಟಿಫಿಕೇಟು.

ಇನ್ನೊಂದು ಮಾತು ಹೇಳಿಬಿಡಬೇಕು. ಜಿನ್ನವ್ವನಿಗೆ ಸಿಪ್ಪೆ ಅಂದರೆ ಜೀವ. ಒಡವೆಯ ಹುಚ್ಚಿಲ್ಲ, ಸೀರೆಯ ಹುಚ್ಚಿಲ್ಲ, ತವರಿಗೆ ಓಡುವ ಹುಚ್ಚಿಲ್ಲ. ಆದರೆ ರುಚಿ ನೋಡುವ ನೆಪದಲ್ಲಿ ಒಂದು ತುಂಡು, ಬಿಸಿಲಿಗೆ ಹರವುವಾಗ ಒಂದು, ಡಬ್ಬಿಗೆ ತುಂಬುವಾಗ ಮುರಿದದ್ದು ಅಂತ ಇನ್ನೊಂದು. ಮುರಿಯದಿದ್ದರೆ ಮುರಿದುಕೊಂಡೂ ತಿನ್ನುವಳು. ಪಾಯಪ್ಪ ನೋಡಿ ನಗುತ್ತಿದ್ದ. “ನೀ ತಿಂದು ಉಳದ್ರ ಊರಿಗೆ ಮಾರೂನು” ಅನ್ನುತ್ತಿದ್ದ.

ಊರಿಗೆ ಉಳಿಯುತ್ತಿತ್ತು. ಓಣಿಯಲ್ಲಿ ಮದುವೆಯಾದರೆ ಶ್ರೀಖಂಡಕ್ಕೆ ಜಿನ್ನವ್ವನ ಸಿಪ್ಪೆಯನ್ನೇ ಸಣ್ಣಗೆ ಕತ್ತರಿಸಿ ಹಾಕಬೇಕು. ಬಾಣಂತಿಯ ಅಂಟಿನುಂಡಿಗೂ ಅದು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಉಪವಾಸ ಬಿಡುವ ಪಾರಣೆಗೆ ಬೇಕು. ಇಂದ್ರವ್ವ ಅಷ್ಟಮಿ, ಚತುರ್ದಶಿ ಬಿಡದೆ ಉಪವಾಸ ಮಾಡುವಳು. ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ ಬಂದು ಮಣೆಯ ಮೇಲೆ ಕೂತರೆ, ರವೆಯ ಸಜ್ಜಕದ ಮೇಲೆ ನಾಲ್ಕು ತುಂಡು ಸಿಪ್ಪೆ ಇಟ್ಟು ಜಿನ್ನವ್ವ ತಂದಿಡುವಳು. ಮೊದಲು ಬಾಯಿಗೆ ಹೋಗುತ್ತಿದ್ದದ್ದು ಆ ಸಿಪ್ಪೆ. ಅತ್ತೆಯ ಒಣಗಿದ ಬಾಯಿ ಅದನ್ನು ಚಪ್ಪರಿಸುವಾಗ ಜಿನ್ನವ್ವ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು, ಕಿವಿ ಮಾತ್ರ ಆ ಕಡೆ ಇಟ್ಟಿರುತ್ತಿದ್ದಳು.

ಕಷ್ಟ ಶುರುವಾದದ್ದು ಸಕ್ಕರೆಯಿಂದ. ಪರದೇಶದ ಬಿಳಿ ಸಕ್ಕರೆಯನ್ನು ಎಲುಬಿನ ಪುಡಿಯಲ್ಲಿ ಸೋಸುತ್ತಾರೆ ಎಂಬ ಸುದ್ದಿ ಊರೂರು ಹಬ್ಬಿದ ಕಾಲ. ಪಾಯಪ್ಪ ಕೇಳಿದ ದಿನವೇ ಇದ್ದ ಚೀಲವನ್ನು ಹೊರಗೆ ಹಾಕಿಸಿ ನಾಡ ಸಕ್ಕರೆ ತರಿಸಿದ. ನಾಡ ಸಕ್ಕರೆ ಮಣ್ಣಿನ ಬಣ್ಣದ್ದು. ಪಾಕಕ್ಕೆ ಇಟ್ಟರೆ ಮೇಲೆಲ್ಲ ಕೊಳೆ. ಜಿನ್ನವ್ವ ಹಾಲು ಚಿಮುಕಿಸಿ ಕೊಳೆ ತೆಗೆದರೂ ಸಿಪ್ಪೆ ಮಂಕಾಗಿಯೇ ಬರುತ್ತಿತ್ತು. ರುಚಿ ಅದೇ, ಆದರೆ ಕೊಳ್ಳುವವರ ಕಣ್ಣಿಗೆ ನಾಲಿಗೆ ಇರುವುದಿಲ್ಲವಲ್ಲ. ಓಣಿಯಲ್ಲೇ ಬಾಯಿ ಜೋರಿನ ಕಮಲವ್ವ ಮಗಳ ಮದುವೆಗೆ ಕೊಂಡು ಹೋಗಿ, “ಜಿನ್ನಕ್ಕಾ, ಇದೇನ ಸಿಪ್ಪಿನೋ, ಜಾಲಿ ಗಿಡದ ತೊಗಟಿನೋ?” ಎಂದು ಬಸದಿಯ ಮೆಟ್ಟಿಲ ಮೇಲೆ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

ಪಾಯಪ್ಪ ಯಲ್ಲಾರಿಯನ್ನು ಹುಡುಕಿದ್ದು ಆಗ. ಯಲ್ಲಾರಿ ಮೊದಲು ಕಾಲುವೆ ಕೆಲಸದ ಇಂಗ್ರೇಜಿ ಸಾಹೇಬರ ಬಂಗಲೆಯಲ್ಲಿ ಅಡುಗೆಯವನಾಗಿದ್ದ. ಸಾಹೇಬರು ವಿಲಾಯತಿಗೆ ಹೊರಟುಹೋದ ಮೇಲೆ ಗೋಕಾಕದ ಪೇಟೆಯ ಹಿಂದೆ ಒಲೆ ಹೂಡಿ ಬೆತ್ತಾಸ, ಕುಸುರೆಳ್ಳು ಮಾಡಿ ಮಾರುತ್ತಿದ್ದ. ಅವನ ಪಾಕ ಕನ್ನಡಿಯ ಹಾಗೆ. ಪಾಯಪ್ಪ ನಾಡ ಸಕ್ಕರೆ ಕೊಟ್ಟರೆ ಅವನು ಅದನ್ನು ಕರಗಿಸಿ, ಶುದ್ಧ ಮಾಡಿ, ಬಿಳಿ ಹರಳು ಮಾಡಿ ಹಿಂದಕ್ಕೆ ಕೊಡುವನು. ಸಿಪ್ಪೆಗೆ ಹಳೆಯ ಹೊಳಪು ಬಂತು. ಕಮಲವ್ವ ಬಾಯಿ ಮುಚ್ಚಿದಳು. ಎಲುಬಿನ ಸಕ್ಕರೆ ತಪ್ಪಿಸಿದ್ದೂ ಆಯಿತು, ಸಿಪ್ಪೆ ಹೊಳೆದದ್ದೂ ಆಯಿತು ಎಂದು ಪಾಯಪ್ಪ ಮೀಸೆಯಲ್ಲಿ ನಕ್ಕ. ಎರಡು ವರ್ಷ ಹೀಗೇ ನಡೆಯಿತು. ಹೇಗೆ ಶುದ್ಧ ಮಾಡುತ್ತೀ ಎಂದು ಮಾತ್ರ ಯಾರೂ ಕೇಳಲಿಲ್ಲ. ನೀರನ್ನು ಎರಡು ಪದರದಲ್ಲಿ ಸೋಸುವ ಮನೆಯವರು ಸಕ್ಕರೆಯ ಬಗ್ಗೆ ಒಂದು ಮಾತು ಕೇಳಬೇಡವೇ? ಕೇಳಲಿಲ್ಲ.

ಭಾದ್ರಪದದ ಹತ್ತು ದಿನಗಳ ದಶಲಕ್ಷಣ ಪರ್ವ ನಡೆದಿತ್ತು. ನಾಳೆ ಅನಂತ ಚತುರ್ದಶಿಯ ಉಪವಾಸ, ನಾಡಿದ್ದು ಪಾರಣೆ. ಸಕ್ಕರೆ ಇನ್ನೂ ಬಂದಿರಲಿಲ್ಲ. ಪಾಯಪ್ಪ ಅಂಗಡಿ ಬಿಟ್ಟು ಏಳುವ ಹಾಗಿರಲಿಲ್ಲ. ಜಿನ್ನವ್ವ ಸೆರಗು ಹೊದ್ದು ತಾನೇ ಪೇಟೆಯ ಹಿಂದಕ್ಕೆ ಹೋದಳು. ಯಲ್ಲಾರಿ ಒಲೆಯ ಮುಂದೆ ಕೂತು ತಾಟಿನಲ್ಲಿ ಏನನ್ನೋ ಕಡ್ಡಿಯ ಸಿವುಡಿನಿಂದ ಬಡಿಬಡಿದು ನೊರೆ ಎಬ್ಬಿಸುತ್ತಿದ್ದ. ಪಕ್ಕದ ಬುಟ್ಟಿಯಲ್ಲಿ ಒಡೆದ ಚಿಪ್ಪುಗಳು.

“ಇದೇನಪಾ, ಯಲ್ಲಾರಿ?”

“ತತ್ತಿ ಬಿಳೇದರಿ, ಅವ್ವಾರ. ಪಾಕದಾಗ ಹಾಕಿ ಕುದಿಸಿದ್ರ ಹೊಲಸೆಲ್ಲಾ ಹಿಡಕೊಂಡು ಮ್ಯಾಲ ಬರತೈತ್ರಿ. ಬಂಗಲೇದಾಗ ಮೇಮ್‌ಸಾಹೇಬ್ರು ಕಿತ್ತಳಿ ಸಿಪ್ಪಿ ಪಾಕಕ್ಕ ಹಿಂಗ ಮಾಡಸ್ತಿದ್ರು. ಅವರಿಂದನ ಕಲ್ತೇನ್ರಿ.”

“ನಮ್ಮ ಸಕ್ಕರಿಗೂ ಇದನ್ನ ಹಾಕ್ತಿ?”

“ಎಲ್ಲಾರ ಸಕ್ಕರಿಗೂ ಇದನ್ನರಿ. ನಿಮ್ಮದಕ್ಕ ಒಂದೆರಡು ಜಾಸ್ತೀನ ಹಾಕ್ತೀನ್ರಿ. ಸಾವಕಾರ್ರು ಭಾಳ ಶುದ್ಧ ಬೇಕಂತಾರಲ್ರಿ.”

ಜಿನ್ನವ್ವ ಎರಡು ಹೆಜ್ಜೆ ಹಿಂದೆ ಸರಿದಳು. “ನಾವು ಜೈನರಪಾ. ತತ್ತಿ ಮುಟ್ಟಂಗಿಲ್ಲ ನಾವು. ಗೊತ್ತಿರಲಿಲ್ಲೇನು ನಿನಗ?” ಎಂದಳು.

ಯಲ್ಲಾರಿಯ ಮುಖದಲ್ಲಿ ಕಪಟವಿರಲಿಲ್ಲ. “ತಿನ್ನಂಗಿಲ್ಲಂತ ಗೊತ್ತ್ರಿ. ಆದ್ರ ತಿನ್ನಾಕ ಒಳಗೆಲ್ಲಿ ಉಳೀತೈತ್ರಿ? ಹೊಲಸಿನ ಜೋಡಿ ಅದನ್ನೂ ತಗದು ಚೆಲ್ಲಿರ್ತೇನಲ್ರಿ” ಎಂದ. ಅವನ ಲೆಕ್ಕದಲ್ಲಿ ಅದು ಸರಿಯೇ. ಅವನನ್ನು ಬೈದು ಪ್ರಯೋಜನವೂ ಇರಲಿಲ್ಲ. ಜಿನ್ನವ್ವ ಬಂದ ದಾರಿಯಲ್ಲೇ ಹಿಂತಿರುಗಿದಳು.

ಮನೆಗೆ ಬಂದವಳೇ ಡಬ್ಬಿಯಲ್ಲಿದ್ದ ಸಿಪ್ಪೆಯನ್ನೆಲ್ಲ ತಿಪ್ಪೆಗೆ ಸುರಿದಳು. ಪಾಯಪ್ಪ ಬಂದು ಏನೆಂದು ಕೇಳಿದ. ಹೇಳಿದಳು. ಅವನು ಬಾಗಿಲು ಮುಂದೆ ಮಾಡಿ, ಧ್ವನಿ ತಗ್ಗಿಸಿ, “ಇದು ಇಲ್ಲಿಗೇ ಮುಗೀಲಿ. ಯಾರ ಮುಂದೂ ಉಸುರು ಬಿಡಬ್ಯಾಡ” ಎಂದ.

“ಅತ್ತಿ ಮುಂದರಿ?”

“ಅವ್ವನ ಮುಂದಂತೂ ಹೇಳಲೇಬ್ಯಾಡ. ಎರಡ ವರ್ಷ ಪಾರಣಿ ಮಾಡಿದ್ದು ತತ್ತಿ ಹಾಕಿದ ಸಕ್ಕರ್ಯಾಗ ಅಂತ ಗೊತ್ತಾದ್ರ ಪ್ರಾಯಶ್ಚಿತ್ತ ಅಂತ ಉಪಾಸ ಕೂಡತಾಳ. ಆಕೀ ಮೈಯಾಗ ಏನೈತಿ? ಕುಂತಾಕಿ ಏಳಂಗಿಲ್ಲ. ಖರೆ ಹೇಳಿ ಅವ್ವನ್ನ ಕೊಲ್ಲಾಕಿ ಏನ್ ನೀನು?”

ಪಾಯಪ್ಪನ ಮಾತು ಅಂಗಡಿಯವನ ಮಾತೆಂದು ತಳ್ಳಿಹಾಕುವ ಹಾಗಿರಲಿಲ್ಲ. ಇಂದ್ರವ್ವ ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದಳು. ಬಸದಿಯ ಮೆಟ್ಟಿಲು ಹತ್ತಲು ಸೊಸೆಯ ಭುಜ ಬೇಕು. ಹೇಳಿದರೆ ಅತ್ತೆಯ ಜೀವ ಹೋಗಬಹುದು. ಹೇಳದಿದ್ದರೆ ಒಂದು ಜನ್ಮವಿಡೀ ಕಾಯ್ದುಕೊಂಡು ಬಂದ ನೇಮ ತನ್ನ ಕೈಯಿಂದ ಮುರಿದದ್ದು ಅತ್ತೆಗೆ ತಿಳಿಯದೆಯೇ ಉಳಿಯುತ್ತದೆ, ತಾನು ದಿನವೂ ಅದೇ ಕೈಯಿಂದ ಅವಳಿಗೆ ಬಡಿಸಬೇಕು. ಜಿನ್ನವ್ವ ಒಲೆಯ ಮುಂದೆ ಕೂತು ಅತ್ತಳು, ಆಮೇಲೆ ಎದ್ದು ಹಣ್ಣು ಹೆರೆದಳು.

ತವರು ಹುಕ್ಕೇರಿಯಿಂದ ಬಂದ ಬೆಲ್ಲದ ಪೆಂಟೆಯೊಂದು ಇತ್ತು. ಅಣ್ಣಂದಿರ ಗಾಣದ್ದು. ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದನ್ನು ಅವಳು ಚಿಕ್ಕಂದಿನಿಂದ ಕಣ್ಣಾರೆ ಕಂಡವಳು. ಆ ಬೆಲ್ಲದಲ್ಲೇ ಪಾಕ ಮಾಡಿದಳು. ಹೊತ್ತು ಮುಳುಗುವುದರೊಳಗೆ ಮುಗಿಯಿತು. ಸಿಪ್ಪೆ ಹುಣಸೆಹಣ್ಣಿನ ಬಣ್ಣಕ್ಕೆ ಬಂದಿತ್ತು.

ಪಾರಣೆಯ ಬೆಳಿಗ್ಗೆ ಇಂದ್ರವ್ವ ಮಣೆಯ ಮೇಲೆ ಕೂತಳು. ಜಿನ್ನವ್ವ ತಾಟು ತಂದಿಟ್ಟಳು. ಪಾಯಪ್ಪ ಬಾಗಿಲಲ್ಲಿ ನಿಂತು ಹೆಂಡತಿಯನ್ನು ದಿಟ್ಟಿಸುತ್ತಿದ್ದ. ಮುದುಕಿ ತುಂಡೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.

“ಇದೇನ, ಹಿಂಗ ಕರ್ರಗ?”

“ಬೆಲ್ಲದಾಗ ಮಾಡೇನ್ರಿ, ಅತ್ತಿ.”

“ಯಾಕ? ಸಕ್ಕರಿ ಇರಲಿಲ್ಲೇನು?”

ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪಾಯಪ್ಪ ಬಾಗಿಲಲ್ಲಿ ಕೆಮ್ಮಿದ. ಜಿನ್ನವ್ವ ಅವನ ಕಡೆ ನೋಡಲಿಲ್ಲ. ನೋಡಿದರೆ ಸುಳ್ಳು ಬಾಯಿಗೆ ಬಂದುಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ನೆಲ ನೋಡುತ್ತಾ ಯಲ್ಲಾರಿಯ ಒಲೆಯ ಮುಂದೆ ಕಂಡದ್ದನ್ನು ಕಂಡ ಹಾಗೆಯೇ ಹೇಳಿದಳು.

ಇಂದ್ರವ್ವ ತುಂಡನ್ನು ತಾಟಿನಲ್ಲಿ ಇಟ್ಟಳು. “ಎರಡ ವರ್ಷ?” ಎಂದಳು. “ಹೌದ್ರಿ” ಎಂದಳು ಜಿನ್ನವ್ವ. ಮುದುಕಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದಳು. ತುಟಿ ಮಾತ್ರ ಅಲುಗುತ್ತಿತ್ತು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಅಂಜಿಕೆ, ಈಗ ಇವಳು ತಾಟು ಸರಿಸಿ ಎದ್ದರೆ ಮತ್ತೆ ಉಣ್ಣಲು ಕೂರುವವಳಲ್ಲ. ಕೊನೆಗೆ ಕಣ್ಣು ತೆರೆದು ಬಿಸಿನೀರು ಕೇಳಿದಳು. ಕುಡಿದಳು. ಉಪವಾಸ ಬಿಟ್ಟ ಹಾಗಾಯಿತು. ಪಾಯಪ್ಪ ಬಾಗಿಲಿಗೆ ಒರಗಿ ಕೂತೇಬಿಟ್ಟ.

“ಯಾರ್ಯಾರ ಮನಿಗೆ ಕೊಟ್ಟೀದಿ?” ಎಂದು ಇಂದ್ರವ್ವ ಕೇಳಿದಳು.

“ಓಣಿ ಎಲ್ಲಾ ಒಯ್ದೈತ್ರಿ.”

“ಇವತ್ತ ಕ್ಷಮಾವಾಣಿ. ಹೋಗಿ ಹೇಳಿ ಬಾ.”

ಕ್ಷಮಾವಾಣಿ ಎಂದರೆ ಪರ್ವ ಮುಗಿದ ಮೇಲೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಬಸದಿಯ ಅಂಗಳದಲ್ಲಿ ಹೆಂಗಸರೆಲ್ಲ ಸೇರಿ, “ಗೊತ್ತಿದ್ದೋ ಗೊತ್ತಿಲ್ದನೋ ಏನಾರ ತಪ್ಪಾಗಿದ್ರ ಕ್ಷಮಾ ಮಾಡ್ರಿ” ಎಂದು ಕೈಮುಗಿಯುತ್ತಾರೆ. ಕೈಮುಗಿಯುತ್ತಲೇ ಮಗಳ ಸಂಬಂಧದ ಮಾತು, ಮಳೆಯ ಮಾತು. ಯಾರೂ ಯಾವ ತಪ್ಪು ಎಂದು ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಜಿನ್ನವ್ವ ಹೇಳಿದಳು. ಮೊದಲು ಬಾಯಿ ತೆರೆದವಳು ಕಮಲವ್ವ: “ನನ್ನ ಮಗಳ ಬಾಣಂತನಕ್ಕ ನಿನ್ನ ಸಿಪ್ಪಿ ಹಾಕೇನಲ್ಲ ನಾನು! ಕ್ಷಮಾ ಅಂದ್ರ ಹೊಟ್ಟ್ಯಾಗಿಂದು ಹೊರಗ ಬರತೈತೇನು?” ಎಂದು ಎದ್ದು ಹೋಗಿ, ಮನೆಯಲ್ಲಿದ್ದ ಸಿಪ್ಪೆಯ ಭರಣಿಯನ್ನು ತಂದು ಓಣಿಯ ನಡುವೆ ಕವುಚಿದಳು. ಹೊಳೆಯುವ ಸಿಪ್ಪೆ ಮಣ್ಣಿಗೆ ಬಿತ್ತು.

ಜಿನ್ನವ್ವ ಬಸದಿಯೊಳಗೆ ಹೋಗಿ ಸ್ವಾಮಿಯ ಮುಂದೆ ನಿಂತಳು. ತನಗೆ ಬಲು ಪ್ರೀತಿಯದು ಯಾವುದೋ ಅದನ್ನು ಬಿಡಬೇಕು ಅನ್ನಿಸಿತು. ಅದು ಯಾವುದೆಂದು ಹುಡುಕುವ ಕೆಲಸವಿರಲಿಲ್ಲ. ಇನ್ನು ಬದುಕಿರುವ ತನಕ ಮಾದಲದ ಸಿಪ್ಪೆಯನ್ನು ಬಾಯಿಗೆ ಮುಟ್ಟಿಸುವುದಿಲ್ಲ ಎಂದು ಮನಸ್ಸಿನಲ್ಲೇ ನೇಮ ತೆಗೆದುಕೊಂಡಳು. ಗಂಡನಿಗೂ ಹೇಳಲಿಲ್ಲ. ಹೇಳಿಕೊಂಡು ಬಿಟ್ಟರೆ ಬಿಟ್ಟ ಹಾಗಲ್ಲ ಎಂಬುದು ಅವಳ ಲೆಕ್ಕ.

ಪ್ರಾಯಶ್ಚಿತ್ತವನ್ನು ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರು ಹೇಳಿದರು: ತಿಳಿಯದೆ ಆದದ್ದು, ಜಪ ಮಾಡಿದರೆ ಸಾಕು. ಇಂದ್ರವ್ವನಿಗೆ ಸಾಕಾಗಲಿಲ್ಲ. ಮುಂದಿನ ದಶಲಕ್ಷಣದವರೆಗೆ ದಿನಕ್ಕೆ ಒಂದೇ ಊಟ, ಅದೂ ಉಪ್ಪಿಲ್ಲದ್ದು ಎಂದು ಕೂತಳು. ಪಾಯಪ್ಪ ಬೇಡಿಕೊಂಡ, ಸಿಟ್ಟಾದ, ಕೊನೆಗೆ ಹೆಂಡತಿಯ ಜೊತೆ ಮಾತು ಬಿಟ್ಟು ಅಂಗಡಿಯ ತಕ್ಕಡಿಯ ಜೊತೆ ಮಾತಾಡತೊಡಗಿದ.

ಆ ವರ್ಷ ಜಿನ್ನವ್ವ ಹೇಗೆ ದಿನ ನೂಕಿದಳೋ ಅವಳಿಗೇ ಗೊತ್ತು. ಬೆಳಿಗ್ಗೆ ಎದ್ದರೆ ಮೊದಲು ಅತ್ತೆಯ ಉಸಿರು ನೋಡುವಳು. ಚಳಿಗಾಲದಲ್ಲಿ ಮುದುಕಿಗೆ ಜ್ವರ ಬಂದಾಗ ಓಣಿಯ ಹೆಂಗಸರು ಬಂದು ನೋಡಿ, ಹೊರಗೆ ಹೋಗಿ, ಖರೆ ಹೇಳುವುದಕ್ಕೂ ಹೊತ್ತು ಗೊತ್ತು ಬೇಡವೇ ಎಂದು ಮಾತಾಡಿಕೊಂಡರು. ಖರೆ ಹೇಳದಿದ್ದರೂ ಬೈಗುಳ, ಹೇಳಿದ್ದಕ್ಕೂ ಬೈಗುಳ. ಇಂದ್ರವ್ವ ಸಾಯಲಿಲ್ಲ. ಉಪ್ಪಿಲ್ಲದ ನುಚ್ಚನ್ನು ಉಂಡು ಜ್ವರದಿಂದ ಎದ್ದಳು. ಅಂಗಡಿಯಲ್ಲಿ ಸಿಪ್ಪೆಯ ಹೆಸರೆತ್ತುವವರಿಲ್ಲ. ತುಕ್ಕಾನಟ್ಟಿಯ ಶೆಟ್ಟೆವ್ವ ಮಾತ್ರ ಬುಟ್ಟಿ ತರುವುದು ಬಿಡಲಿಲ್ಲ. ಬೇಡ ಎಂದರೆ, “ನೀವು ಸಿಪ್ಪಿ ಮಾಡೂದು ಬಿಟ್ರ ಅಂತ ಗಿಡ ಕಾಯಿ ಬಿಡೂದು ಬಿಡತೈತೇನ್ರಿ, ಅಕ್ಕಾರ?” ಎಂದು ಬುಟ್ಟಿ ಇಳಿಸಿ, ವೀಳ್ಯ ಹಾಕಿ ಹೋಗುವಳು. ಹಣ್ಣು ಮೂಲೆಯಲ್ಲಿ ಒಣಗಿ ಕಲ್ಲಾಗುತ್ತಿದ್ದವು.

ಮತ್ತೆ ಭಾದ್ರಪದ ಬಂತು. ಚತುರ್ದಶಿಯ ಹಿಂದಿನ ದಿನ ಇಂದ್ರವ್ವ ಸೊಸೆಯನ್ನು ಕರೆದು, “ನಾಡಿದ್ದು ಪಾರಣಿಗೆ ಸಿಪ್ಪಿ ಮಾಡು. ಬೆಲ್ಲದಾಗ ಮಾಡು. ಒಲಿ ಅಂಗಳದಾಗ ಹೂಡು, ಬಾಗಲಾ ತಗದಿಡು” ಎಂದಳು.

“ಯಾರಿಗ್ರಿ, ಅತ್ತಿ?”

“ನನಗ.”

ಜಿನ್ನವ್ವ ಓಣಿಗೆ ಕಾಣುವ ಹಾಗೆ ಒಲೆ ಹೂಡಿದಳು. ಹೋಗಿ ಬರುವವರು ಒಳಗೆ ಇಣುಕಿದರು. ಹೆರೆದಳು, ಸೀಳಿದಳು, ಕುದಿಸಿದಳು, ಚೆಲ್ಲಿದಳು. ಕೈಗೆ ಎಲ್ಲ ನೆನಪಿತ್ತು. ರುಚಿ ನೋಡುವ ಹೊತ್ತು ಬಂದಾಗ ಮಾತ್ರ ಕೈ ಬಾಯಿಯ ತನಕ ಹೋಗಿ ನಿಂತಿತು. ಇಷ್ಟು ದಿನ ಸಿಪ್ಪೆಯನ್ನೇ ಮಾಡಿರದಿದ್ದರಿಂದ ಈ ಪೇಚು ಅವಳಿಗೆ ಹೊಳೆದಿರಲೇ ಇಲ್ಲ. ಗಂಡನ ಕೈಗೆ ಕೊಟ್ಟು ನೋಡು ಎನ್ನಬಹುದಿತ್ತು. ನೀನೇಕೆ ನೋಡುವುದಿಲ್ಲ ಎಂದು ಕೇಳಿದರೆ ನೇಮ ಹೊರಗೆ ಬೀಳುತ್ತಿತ್ತು. ಸಿಪ್ಪೆಯನ್ನು ಉಗುರಿನಿಂದ ಒತ್ತಿದಳು. ನೀರಿನ ಬಣ್ಣ ನೋಡಿದಳು. ಹಬೆಗೆ ಮೂಗು ಹಿಡಿದಳು. ಕಹಿಗೆ ವಾಸನೆ ಇರುವುದಿಲ್ಲ. ಹೊತ್ತು ಇಳಿಯುತ್ತಿತ್ತು. ಸಾಕು ಎಂದು ಅಂದಾಜಿನಲ್ಲಿ ಪಾಕಕ್ಕೆ ಹಾಕಿದಳು.

ಕ್ಷಮಾವಾಣಿಯ ಬೆಳಿಗ್ಗೆ ಇಂದ್ರವ್ವ ಮಣೆಯನ್ನು ಒಳಗೆ ಹಾಕಗೊಡಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಹಾಕಿಸಿ, ಗೋಡೆಗೆ ಒರಗಿ ಕೂತಳು. ಬಸದಿಯಿಂದ ಹೊರಟ ಹೆಂಗಸರು ಹಿರಿಯಳ ಕ್ಷಮೆ ಕೇಳಲು ಕಟ್ಟೆಯ ಮುಂದೆ ಬಂದು ನಿಂತರು, ಕಮಲವ್ವನೂ ಇದ್ದಳು. ಎಲ್ಲರ ಎದುರಿಗೆ ಮುದುಕಿ ಅಂಗೈ ಚಾಚಿ, “ಕೊಡು, ಜಿನ್ನವ್ವಾ” ಎಂದಳು. ಜಿನ್ನವ್ವ ಕರಿ ಸಿಪ್ಪೆಯ ತುಂಡೊಂದನ್ನು ಅಂಗೈಗೆ ಹಾಕಿದಳು.

ಇಂದ್ರವ್ವ ಬಾಯಿಗೆ ಹಾಕಿ ಅಗಿದಳು. ಬಹಳ ಹೊತ್ತು ಅಗಿದಳು. ಹಣೆ ಸುಕ್ಕಾಯಿತು.

“ಕಹಿ ಐತಿ” ಎಂದಳು.

ಹೆಂಗಸರು ಮುಖ ಮುಖ ನೋಡಿಕೊಂಡರು. ಇಡೀ ವರ್ಷ ಕಾದದ್ದು ಈ ಒಂದು ಮಾತಿಗೇ ಏನು ಅನ್ನಿಸಿತು ಜಿನ್ನವ್ವನಿಗೆ. ಮುದುಕಿ ಸೊಸೆಯನ್ನು ದಿಟ್ಟಿಸಿ ನೋಡುತ್ತಿದ್ದಳು.

“ರುಚಿ ನೋಡಿಲ್ಲೇನ ನೀ?”

ಜಿನ್ನವ್ವ ತಾಟಿನ ಕಡೆ ಮುಖ ಬಗ್ಗಿಸಿದಳು.

“ನೀ ಹೆರೆಮಣಿ ಹಿಡದಾಗಿಂದ ಈ ಮನಿಯಿಂದ ಒಂದ ಕಹಿ ತುಂಡು ಹೊರಗ ಹೋಗಿಲ್ಲ. ನಿನ್ನ ನಾಲಿಗಿ ನನಗ ಗೊತ್ತಿಲ್ಲೇನು? ಯಾವಾಗ ಬಿಟ್ಟಿ ತಿನ್ನೂದು?”

“ಹ್ವಾದ ವರ್ಷರಿ. ಇದೇ ದಿನ. ಬಸದ್ಯಾಗ.”

“ಎಲ್ಲೀತನಾ?”

“ಇರೂತನಾರಿ.”

ಬಾಗಿಲಲ್ಲಿ ನಿಂತ ಪಾಯಪ್ಪ ಹೆಂಡತಿಯನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಇಂದ್ರವ್ವನ ಕಣ್ಣಲ್ಲಿ ನೀರು ತುಂಬಿತ್ತು. ಪ್ಲೇಗಿನಲ್ಲಿ ಗಂಡ ಹೋದಾಗಲೂ ನಾಲ್ಕು ಜನರೆದುರು ಅಳದವಳು ಎಂದು ಓಣಿಯಲ್ಲಿ ಹೆಸರಾಗಿದ್ದ ಹೆಂಗಸು. ಒರೆಸಿಕೊಳ್ಳುವ ಗೊಡವೆಗೆ ಹೋಗದೆ ಮತ್ತೆ ಅಂಗೈ ಚಾಚಿದಳು.

“ಇನ್ನೊಂದು ಕೊಡು.”

“ಕಹಿ ಐತೆಂದ್ರಲ್ರಿ, ಅತ್ತಿ.”

“ಐತಿ. ಇನ್ನೊಂದು ನೀರು ಬೇಕಾಗಿತ್ತು. ಕೊಡು.”

ಎರಡನೆಯ ತುಂಡನ್ನೂ ತಿಂದಳು, ಮೂರನೆಯದಕ್ಕೂ ಕೈ ಚಾಚಿದಳು. ಆಗ ಹೆಂಗಸರ ನಡುವಿನಿಂದ ಕಮಲವ್ವ ಮುಂದೆ ಬಂದು, ಏನೂ ಮಾತಾಡದೆ, ತನ್ನ ಅಂಗೈಯನ್ನೂ ಮುದುಕಿಯ ಅಂಗೈಯ ಪಕ್ಕಕ್ಕೆ ಹಿಡಿದಳು. ಕಮಲವ್ವ ಮಾತಿಲ್ಲದೆ ಒಂದು ಕೆಲಸ ಮಾಡಿದ್ದನ್ನು ಓಣಿಯವರು ಮೊದಲ ಸಲ ನೋಡಿದ್ದು ಅಂದೇ. ತಿಂದ ಮೇಲೆ ಮಾತ್ರ ತಡೆದುಕೊಳ್ಳಲಾರದೆ, “ಏ, ಖರೇನ ಕಹಿ ಐತೆವಾ!” ಎಂದಳು. ಇಂದ್ರವ್ವ ನಕ್ಕಳು. ಆಮೇಲೆ ಉಳಿದವರೂ ನಗುತ್ತ ಕೈ ಚಾಚಿದರು. ತಾಟು ಬರಿದಾಯಿತು.

ಅಂದಿನಿಂದ ಕುದಿಯುವ ಪಾತ್ರೆಯ ಪಕ್ಕಕ್ಕೆ ಇಂದ್ರವ್ವನ ಮಣೆ ಬಂತು. ಜಿನ್ನವ್ವ ತುಂಡು ತೆಗೆದು ಕೊಡುವಳು, ಅತ್ತೆ ನಾಲಿಗೆಯ ಮೇಲೆ ಇಟ್ಟುಕೊಂಡು, “ಇನ್ನೊಂದು ನೀರು” ಎನ್ನುವಳು, ಇಲ್ಲವೆ, “ಸಾಕು ಬಿಡು” ಎನ್ನುವಳು. ಒಲೆ ಅಂಗಳದಲ್ಲೇ ಉಳಿಯಿತು, ಬಾಗಿಲೂ ತೆರೆದೇ ಉಳಿಯಿತು. ಪಾಯಪ್ಪ ಮತ್ತೆಂದೂ ಹೊಳೆಯುವ ಸಿಪ್ಪೆಯ ಮಾತೆತ್ತಲಿಲ್ಲ. ಬೆಲ್ಲದ ಕರಿ ಸಿಪ್ಪೆಯನ್ನೇ ಜನ ಕೇಳಿ ಒಯ್ಯತೊಡಗಿದರು. ಯಲ್ಲಾರಿಯೂ ಒಮ್ಮೆ ಬಂದು ತಿಂದು, ತತ್ತಿ ಇಲ್ಲದೆಯೂ ಇಷ್ಟಾಗುತ್ತದೆಯೇ ಎಂದು ತಲೆ ಕೆರೆದುಕೊಂಡು ಹೋದ.

ಇಂದ್ರವ್ವ ಮುಂದೆ ಕೆಲವು ವರ್ಷ ಬದುಕಿದಳು. ಅವಳು ಹೋದ ಮೇಲೆ ನಾಲಿಗೆಯ ಕೆಲಸ ತುಕ್ಕಾನಟ್ಟಿಯ ಶೆಟ್ಟೆವ್ವನಿಗೆ ಬಂತು. ಶೆಟ್ಟೆವ್ವ ಒಂದೇ ತುಂಡಿಗೆ ಯಾವ ತೀರ್ಪನ್ನೂ ಕೊಟ್ಟವಳಲ್ಲ. “ತಿಳೀವಲ್ದರಿ, ಇನ್ನೊಂದು ಕೊಡ್ರಿ” ಎಂದು ಪಾತ್ರೆಯ ಕಾಲು ಭಾಗ ಖಾಲಿ ಮಾಡಿ ಹೇಳುವಳು.

ಎರಡನೆಯ ದೊಡ್ಡ ಯುದ್ಧದ ದಿನಗಳಲ್ಲಿ ಸಕ್ಕರೆಗೆ ರೇಶನ್ ಬಂದಾಗ ಊರಿನ ಮಿಠಾಯಿ ಅಂಗಡಿಗಳು ಅರ್ಧ ಮುಚ್ಚಿದವು. ಜಿನ್ನವ್ವನ ಒಲೆ ಆರಲಿಲ್ಲ. ಅಷ್ಟರಲ್ಲಿ ಅವಳ ತಲೆಯೂ ಬೆಳ್ಳಗಾಗಿತ್ತು. ಸಿಪ್ಪೆ ಒಯ್ಯಲು ಬಂದವರನ್ನು ಅವಳು ಹಾಗೇ ಕಳಿಸುತ್ತಿರಲಿಲ್ಲ. ಮೊದಲು ಒಂದು ತುಂಡು ಕೈಗೆ ಕೊಟ್ಟು, ಅವರು ಅಗಿಯುವುದನ್ನೇ ನೋಡುತ್ತ ಕೂರುವಳು. “ಕಹಿ ಐತೇನು?” ಎಂದು ಕೇಳುವಳು. ಇಲ್ಲ ಎಂದರೆ ನಂಬಿಕೆಯಾಗದೆ ಇನ್ನೊಂದು ತುಂಡು ಕೊಟ್ಟು ಮತ್ತೆ ಕೇಳುವಳು.